ಪೆನ್ಸಿಲ್ಲಿನಲ್ಲಿ ತುಂಬಬೇಕಿದ್ದ ಫಾರಂ

ನನಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ಮನೆಯವರೆಲ್ಲ ಹೇಳುತ್ತಾರೆ. ಹೇಳಲಿ. ಸರ್ಕಾರಿ ಹೈಸ್ಕೂಲಿನಲ್ಲಿ ಜೀವಮಾನವಿಡೀ ಗಣಿತ ಹೇಳಿಕೊಟ್ಟವಳಿಗೆ ಸಿಟ್ಟು ಬರದೆ ಇನ್ಯಾರಿಗೆ ಬರಬೇಕು? ಈಗ ನಿವೃತ್ತಳಾಗಿ ಬಸವನಗುಡಿಯ ಮನೆಯಲ್ಲಿ ಕೂತು ಇದನ್ನು ಬರೆಯುವಾಗಲೂ ಅದು ಇಳಿದಿಲ್ಲ. ಇದರಲ್ಲಿ ಬೈಸಿಕೊಳ್ಳಬೇಕಾದವರು ಮೂರು ನಾಲ್ಕು ಜನ ಇದ್ದಾರೆ. ಅವರಲ್ಲಿ ನಾನೂ ಒಬ್ಬಳು, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಹೊಸ ಶತಮಾನ ಬಂದು ಒಂದೆರಡು ವರ್ಷವಾಗಿತ್ತು. ಬೆಂಗಳೂರಿನಲ್ಲಿ ಯಾರ ಬಾಯಲ್ಲಿ ಕೇಳಿದರೂ ಕಂಪ್ಯೂಟರ್. ಗಾಂಧಿ ಬಜಾರಿನಲ್ಲಿ ಹೊಲಿಗೆ ಕ್ಲಾಸು ನಡೆಯುತ್ತಿದ್ದ ಮಹಡಿಗಳಲ್ಲೆಲ್ಲ ರಾತ್ರೋರಾತ್ರಿ ಕಂಪ್ಯೂಟರ್ ಕ್ಲಾಸುಗಳು ಎದ್ದಿದ್ದವು. ಬೇಸಿಗೆ ರಜೆಯಲ್ಲಿ ನಾನೂ ಒಂದಕ್ಕೆ ಸೇರಿಕೊಂಡೆ. ನನಗಿಂತ ಇಪ್ಪತ್ತು ವರ್ಷ ಚಿಕ್ಕವಳಾದ ಹುಡುಗಿಯೊಬ್ಬಳು, "ಆಂಟಿ, ಮೌಸ್‌ನ ಅಷ್ಟು ಗಟ್ಟಿಯಾಗಿ ಹಿಡೀಬೇಡಿ, ಅದು ಎಲ್ಲೂ ಓಡಿಹೋಗಲ್ಲ" ಎಂದು ಗದರಿಸುತ್ತ ಹೇಳಿಕೊಟ್ಟಳು. ಮೂರು ತಿಂಗಳಾದ ಮೇಲೆ ಒಂದು ಸರ್ಟಿಫಿಕೇಟ್ ಕೊಟ್ಟರು. ನಾನು ಜಂಬದಿಂದ ಅದನ್ನು ನನ್ನ ಸರ್ವಿಸ್ ರಿಜಿಸ್ಟರಿಗೆ ಸೇರಿಸಿದೆ. ಗ್ರಹಚಾರ ಅಲ್ಲಿಂದ ಶುರುವಾಯಿತು.

ಚಾಮರಾಜಪೇಟೆ, ಮಾವಳ್ಳಿ, ತರಗುಪೇಟೆ ಸುತ್ತಮುತ್ತಲಿನ ಸರ್ಕಾರಿ ಶಾಲೆಗಳನ್ನೆಲ್ಲ ನೋಡಿಕೊಳ್ಳುವ ವಲಯ ಕಚೇರಿಯಿಂದ ಒಂದು ದಿನ ನನಗೆ ಕರೆ ಬಂತು. ಹೋದೆ. ಶಿಕ್ಷಣಾಧಿಕಾರಿಗಳು ಎದ್ದು ನಿಲ್ಲದಿದ್ದರೂ ಏಳುವ ಹಾಗೆ ಮಾಡಿದರು.

"ಬನ್ನಿ ಮೇಡಂ, ಕೂತ್ಕೊಳ್ಳಿ. ಕಾಫಿ ತರಿಸ್ಲಾ?"

ಅಧಿಕಾರಿಗಳು ಕಾಫಿ ಬೇಕಾ ಎಂದು ಕೇಳಿದರೆ ತಲೆ ಮೇಲೆ ಬೀಳುವ ಕೆಲಸ ದೊಡ್ಡದೇ ಇರುತ್ತದೆ.

"ನಮ್ಮ ವಲಯದ ಶಾಲೆಗಳಿಗೆ ಕಂಪ್ಯೂಟರ್ ಕೊಡೋದಕ್ಕೆ ಒಂದು ಪ್ಲ್ಯಾನ್ ಮಾಡಿ ಕಳಿಸಿ ಅಂತ ಮೇಲಿಂದ ಬಂದಿದೆ. ಯಾವ ಶಾಲೆಗೆ ಮೊದಲು, ಯಾವುದಕ್ಕೆ ಆಮೇಲೆ, ಟೀಚರ್‌ಗಳಿಗೆ ಟ್ರೈನಿಂಗ್ ಯಾವಾಗ, ಎಲ್ಲಾ ಸೇರಿ ಐದು ವರ್ಷದ್ದು. ನಮ್ಮಲ್ಲಿ ಯಾರಿಗ್ರೀ ಇದೆಲ್ಲ ಗೊತ್ತು? ನಿಮ್ಮ ಸರ್ಟಿಫಿಕೇಟ್ ನೋಡ್ದೆ. ಎರಡು ತಿಂಗಳು ಇಲ್ಲೇ ಬಂದ್ಬಿಡಿ."

"ಸಾರ್, ನಮ್ಮ ಹತ್ತನೇ ಕ್ಲಾಸಿಗೆ ಗಣಿತ ಯಾರು ತಗೋತಾರೆ?"

"ಯಾರಾದ್ರೂ ತಗೋತಾರೆ ಬಿಡಿ."

ಯಾರೂ ತೆಗೆದುಕೊಳ್ಳಲಿಲ್ಲ. ಆ ವರ್ಷ ನಮ್ಮ ಶಾಲೆಯ ಗಣಿತದ ಫಲಿತಾಂಶ ಏನಾಯಿತು ಎಂದು ಕೇಳಬೇಡಿ, ಹೊಟ್ಟೆ ಉರಿಯುತ್ತದೆ.

ವಲಯ ಕಚೇರಿಯಲ್ಲಿ ಒಂದು ಕಂಪ್ಯೂಟರ್ ಇತ್ತು. ಅದರ ಮೇಲೆ ಯಾರೋ ಮನೆಯಿಂದ ತಂದ ಹಳೆಯ ರೇಷ್ಮೆ ಬ್ಲೌಸ್ ಪೀಸು ಹೊದಿಸಿದ್ದರು. ಆಯುಧಪೂಜೆಯಲ್ಲಿ ಇಟ್ಟ ಕುಂಕುಮ ಹಾಗೇ ಇತ್ತು. ಚಪ್ಪಲಿ ಬಿಟ್ಟು ಒಳಗೆ ಹೋಗಬೇಕು. ನಾನು ಸ್ವಿಚ್ ಹಾಕಿದ ದಿನ ಕಚೇರಿಯ ನಾಲ್ಕು ಜನ ಬಾಗಿಲಲ್ಲಿ ನಿಂತು, ಮುಂದೆ ಏನೋ ಆಗಿಹೋಗುತ್ತದೆ ಎನ್ನುವ ಹಾಗೆ ನೋಡುತ್ತಿದ್ದರು. ಏನೂ ಆಗಲಿಲ್ಲ. ಅದಕ್ಕೆ ಕನ್ನಡ ಬರುತ್ತಿರಲಿಲ್ಲ. ಐದು ವರ್ಷದ ಕಂಪ್ಯೂಟರ್ ಪ್ಲ್ಯಾನನ್ನು ನಾನು ಕೊನೆಗೆ ಕೈಯಲ್ಲೇ ಬರೆದೆ.

ಪ್ಲ್ಯಾನಿಗೆ ಮೊದಲು ಮಾಹಿತಿ ಬೇಕಲ್ಲ. ಪ್ರತಿ ಶಾಲೆಗೂ ಒಂದು ಪುಟದ ಫಾರಂ ಮೇಲಿನಿಂದಲೇ ಬಂದಿತ್ತು. ಪ್ರತ್ಯೇಕ ಕೊಠಡಿ ಇದೆಯೇ? ವಿದ್ಯುತ್ ಸಂಪರ್ಕ ಇದೆಯೇ? ಕಿಟಕಿಗೆ ಸರಳು, ಬಾಗಿಲಿಗೆ ಬೀಗ? ಕಟ್ಟಡ ಸ್ವಂತದ್ದೋ ಬಾಡಿಗೆಯದೋ? ಫಾರಂಗಳನ್ನು ಹಂಚಿ ಒಂದು ವಾರವಾಗುವಷ್ಟರಲ್ಲಿ ಎಲ್ಲಾ ವಾಪಸ್ ಬಂದವು. ನೋಡುತ್ತೇನೆ, ಒಂದೂ ಬಿಡದಂತೆ ಎಲ್ಲವನ್ನೂ ಪೆನ್ಸಿಲ್ಲಿನಲ್ಲಿ ತುಂಬಿದ್ದಾರೆ. ಕೆಳಗೆ ಹೆಡ್‌ಮಾಸ್ಟರರ ಸಹಿ ಮತ್ತು ಶಾಲೆಯ ಸೀಲು ಮಾತ್ರ ಮಸಿಯಲ್ಲಿ.

"ಇದೇನ್ರೀ ಇದು? ಎಲ್ಲರಿಗೂ ಒಟ್ಟಿಗೆ ಪೆನ್ನು ಮುಗಿದುಹೋಯ್ತಾ?" ಎಂದು ಗುಮಾಸ್ತರನ್ನು ಕೇಳಿದೆ. ಗುಮಾಸ್ತರು ಆ ಕಚೇರಿಯ ಅದೇ ಮೇಜಿನಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡವರು. ಜೋರಾಗಿ ಮಾತಾಡಿದ್ದನ್ನು ಯಾರೂ ಕೇಳಿದವರಿಲ್ಲ.

"ಯಾವತ್ತೂ ಹಂಗೇ ಮೇಡಂ. ಮೇಲಿನವರು ಮೊದಲನೇ ಲೆಟರ್‌ನಲ್ಲಿ ಮಾಹಿತಿ ಕೇಳ್ತಾರೆ, ಯಾಕೆ ಅಂತ ಹೇಳಲ್ಲ. ಎರಡನೇ ಲೆಟರ್ ಬಂದ್ಮೇಲೆ ಅವರಿಗೆ ಏನು ಬೇಕು ಅಂತ ಗೊತ್ತಾಗುತ್ತೆ. ಆಗ ಅದನ್ನ ನೋಡ್ಕೊಂಡು ನಾನು ಪೆನ್ನಲ್ಲಿ ತುಂಬ್ತೀನಿ. ಹೆಡ್‌ಮಾಸ್ಟರ್‌ಗಳು ಎರಡೆರಡು ಸಲ ಓಡಾಡೋದು ತಪ್ಪುತ್ತೆ."

"ಅಂದ್ರೆ ಸುಳ್ಳು ಬರೀತೀರಿ."

"ಸುಳ್ಳು ಯಾಕೆ ಮೇಡಂ? ಹೊಂದಿಸ್ತೀವಿ."

ಮೈಯೆಲ್ಲ ಉರಿದುಹೋಯಿತು. ಹೊಂದಿಸುತ್ತಾರಂತೆ! ಉತ್ತರ ನೋಡಿಕೊಂಡು ಲೆಕ್ಕದ ಹಂತಗಳನ್ನು ಬರೆಯುವ ಹುಡುಗರಿಗೆ ನಾನು ಹದಿನೈದು ವರ್ಷದಿಂದ ಸೊನ್ನೆ ಕೊಡುತ್ತ ಬಂದವಳು. ಅಲ್ಲೇ ಕೂತು ಒಂದು ಸೂಚನೆ ಬರೆದೆ. ಎಲ್ಲ ಶಾಲೆಗಳೂ ಫಾರಂಗಳನ್ನು ಶಾಯಿಯಲ್ಲಿ, ಇದ್ದದ್ದನ್ನು ಇದ್ದ ಹಾಗೆ ತುಂಬಿ ಕಳಿಸಬೇಕು ಎಂದು. ಅಧಿಕಾರಿಗಳು ಓದದೆಯೇ ಸಹಿ ಹಾಕಿದರು. ಗುಮಾಸ್ತರು, "ಕಳಿಸ್ತೀನಿ ಮೇಡಂ, ಆದ್ರೆ ಯಾರೂ ಬರೆಯಲ್ಲ" ಎಂದರು. ನಾನು ಬೀಳುವ ಹಳ್ಳವನ್ನು ಆ ಮನುಷ್ಯ ಮೆಲ್ಲಗೆ ತೋರಿಸುತ್ತಲೇ ಇದ್ದರು. ನನಗೆ ಕಣ್ಣು ಕಾಣಿಸಬೇಕಲ್ಲ.

ಕಾಗದದ ಮೇಲೆ ನಂಬಿಕೆ ಹೋಗಿ, ನಾನೇ ಶಾಲೆ ಶಾಲೆ ಸುತ್ತತೊಡಗಿದೆ. ಬೆಳಿಗ್ಗೆ ಡಬ್ಬಿ ಕಟ್ಟಿಕೊಂಡು ಹೊರಟರೆ ಸಾಯಂಕಾಲ ಕಾಲು ಊದಿಸಿಕೊಂಡು ಬರುವುದು. ಎಲ್ಲ ಕಡೆ ಹೆಡ್‌ಮಾಸ್ಟರರು, "ಆಯ್ತು ಮಿಸ್, ಪೆನ್ನಲ್ಲೇ ಕೊಡ್ತೀವಿ ಮಿಸ್" ಎಂದು ಬಾದಾಮಿ ಹಾಲು ಕುಡಿಸಿದರು. ಆಮೇಲೆ ಮತ್ತೆ ಪೆನ್ಸಿಲ್ಲಿನಲ್ಲೇ ಕಳಿಸಿದರು. ಮಾವಳ್ಳಿಯ ಒಬ್ಬ ಮಹಾಶಯರಂತೂ, ಶೌಚಾಲಯಕ್ಕೆ ಹೋಗುವ ಓಣಿಯನ್ನು ತೋರಿಸಿ ಇದೇ ನಮ್ಮ ಕಂಪ್ಯೂಟರ್ ಕೊಠಡಿ ಎಂದರು. ನಾನು ನಕ್ಕೆ. ಅವರು ನಗಲಿಲ್ಲ.

ಎಲ್ಲ ಶಾಲೆಗಳಿಗಿಂತ ನನಗೆ ಹತ್ತಿರದ್ದು ಒಂದಿತ್ತು. ಚಾಮರಾಜಪೇಟೆ ಮುಗಿದು ತರಗುಪೇಟೆಯ ದವಸಧಾನ್ಯದ ಮಂಡಿಗಳು ಶುರುವಾಗುವ ಕಡೆ, ಒಂದು ಓಣಿಯಲ್ಲಿ, ಏಳನೇ ಕ್ಲಾಸಿನವರೆಗಿನ ಚಿಕ್ಕ ಕನ್ನಡ ಶಾಲೆ. ಅದರ ಹೆಡ್‌ಮಿಸ್ ನನಗೆ ಅಕ್ಕನ ಸಮಾನ. ನನಗೆ ಮೊದಲು ಕೆಲಸ ಸಿಕ್ಕಿದ್ದು ಅವರ ಕೈಕೆಳಗೆ. ಬೋರ್ಡಿನ ಮೇಲೆ ಸಾಲು ಸೊಟ್ಟ ಹೋಗದಂತೆ ಬರೆಯುವುದನ್ನು, ಅಳುವ ಮಗುವನ್ನು ಅಳಲು ಬಿಟ್ಟು ಪಾಠ ಮುಂದುವರಿಸುವುದನ್ನು ಅವರಿಂದ ಕಲಿತೆ. ನನ್ನನ್ನು ಅವರು ಏಕವಚನದಲ್ಲೇ ಕರೆಯುತ್ತಿದ್ದರು. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ.

ಓಣಿಗೆ ಕಾಲಿಟ್ಟರೆ ಸಾಕು, ಮೆಣಸಿನಕಾಯಿ ಘಾಟಿಗೆ ಮೂರು ಸೀನು ಗ್ಯಾರಂಟಿ. ಮಕ್ಕಳಿಗೆ ಅಭ್ಯಾಸವಾಗಿಬಿಟ್ಟಿತ್ತು. ಹಮಾಲರ ಮಕ್ಕಳು, ಮಂಡಿಯಲ್ಲಿ ಕಾಳು ಆರಿಸುವ ಹೆಂಗಸರ ಮಕ್ಕಳು, ತರಕಾರಿ ಗಾಡಿಯವರ ಮಕ್ಕಳು. ಕಟ್ಟಡ ಒಬ್ಬ ಬೇಳೆ ವ್ಯಾಪಾರಿಗಳದು. ಹಣೆ ತುಂಬ ವಿಭೂತಿ ಹಚ್ಚಿಕೊಂಡು ಪಕ್ಕದ ಅಂಗಡಿಯಲ್ಲಿ ಕೂತಿರುತ್ತಿದ್ದ ಹಿರಿಯರು. ಎಲ್ಲರೂ ಯಜಮಾನರು ಎನ್ನುತ್ತಿದ್ದರು. ಅವರ ತಂದೆಯ ಕಾಲದಿಂದ ಕೆಳಗಿನ ಭಾಗ ಶಾಲೆಗೆ ಬಾಡಿಗೆಗೆ. ಹಿಂದಿನ ಒಂದು ದೊಡ್ಡ ಕೋಣೆಯಲ್ಲಿ ಮಾತ್ರ ಅವರ ಖಾಲಿ ಗೋಣಿಚೀಲಗಳು ಸೂರಿನ ತನಕ ತುಂಬಿದ್ದವು. ಶಾಲೆಗೆ ಕರೆಂಟು ಇರಲಿಲ್ಲ. ಯಾವ ಕಾಲದಲ್ಲೋ ಕರೆಂಟಿನವರು ಬಂದು ಮೀಟರ್ ಕಿತ್ತುಕೊಂಡು ಹೋಗಿದ್ದರು. ಮೋಡದ ದಿನ ಮಕ್ಕಳೆಲ್ಲ ಬಾಗಿಲ ಹತ್ತಿರ ಸರಿದು ಕೂರುತ್ತಿದ್ದರು.

ಅಕ್ಕನ ಫಾರಂ ಕೂಡ ಪೆನ್ಸಿಲ್ಲಿನದೇ. ಕೊಠಡಿ: ಇದೆ. ವಿದ್ಯುತ್: ಇದೆ.

"ಅಕ್ಕ, ನೀವೂನಾ?" ಎಂದೆ. ಬೇರೆಯವರ ಮೇಲೆ ಬರದಷ್ಟು ಸಿಟ್ಟು ಬಂತು, ಅವರು ನನ್ನವರು ಅಂತಲೇ.

"ಕೂತ್ಕೋ, ಮೊದಲು ನೀರು ಕುಡಿ" ಎಂದರು. ಆಮೇಲೆ ಪಕ್ಕದ ಅಂಗಡಿಯ ಯಜಮಾನರನ್ನು ಕೂಗಿ ಕರೆದರು. ಅವರು ಪಂಚೆ ಸರಿಮಾಡಿಕೊಳ್ಳುತ್ತ ಬಂದು ಬಾಗಿಲಲ್ಲೇ ನಿಂತರು.

"ಮೇಡಂ, ಕಂಪ್ಯೂಟರ್ ಬರೋ ಹಂಗಿದ್ರೆ ಒಂದು ಮಾತು ಹೇಳಿ. ಗೋಣಿಚೀಲ ಎಲ್ಲಾ ಎತ್ತಿಸ್ಬಿಡ್ತೀನಿ, ಸುಣ್ಣ ಹೊಡೆಸ್ತೀನಿ. ಕರೆಂಟು ಅಂಗಡಿಯಿಂದ ಎಳೆಸಿದ್ರಾಯ್ತು. ನಮ್ಮ ಹಮಾಲರ ಮಕ್ಕಳೇ ಅಲ್ವಾ ಓದೋದು?"

"ಕೇಳಿಸ್ತಾ?" ಎಂದರು ಅಕ್ಕ, ಅವರು ಹೋದ ಮೇಲೆ. "ನಾನೇನು ಸುಳ್ಳು ಬರೆದಿಲ್ಲ. ಎದುರು ರಸ್ತೆಯ ಇಂಗ್ಲಿಷ್ ಮೀಡಿಯಂನೋರು ಬೋರ್ಡ್ ಮೇಲೇ ಕಂಪ್ಯೂಟರ್ ಚಿತ್ರ ಬರೆಸಿದಾರೆ. ಈ ವರ್ಷವೇ ಎಷ್ಟು ಮಕ್ಕಳು ಹೋದ್ರು ಗೊತ್ತಾ? ಇನ್ನೊಂದು ವರ್ಷ ಹಿಂಗೇ ಇಳಿದ್ರೆ ಸ್ಕೂಲ್ ಮುಚ್ತಾರೆ ಕಣಮ್ಮ. ಒಂದೇ ಒಂದು ಕಂಪ್ಯೂಟರ್ ಬಂದ್ರೂ ಸಾಕು, ತಾಯಂದಿರನ್ನ ನಾನು ಹಿಡಿದಿಟ್ಕೋತೀನಿ."

ಎಷ್ಟು ಸರಳವಾದ ಮಾತು! ಒಂದು ಯಂತ್ರ ಬಂದರೆ ಶಾಲೆ ಉಳಿಯುತ್ತದೆ. ಬರದಿದ್ದರೆ ಇಲ್ಲ. ನನಗೆ ಅರ್ಥವಾಗಿತ್ತು. ಅರ್ಥವಾಗಿಯೂ ನಾನು ನನ್ನದೇ ಪಾಠ ಶುರುಮಾಡಿದೆ. ಯಾರಿಗೆ ಏನೂ ಇಲ್ಲವೋ ಅವರಿಗೇ ಮೊದಲು ಕೊಡಬೇಕು ಎಂದು ನಾನು ಪ್ಲ್ಯಾನಿನಲ್ಲಿ ಬರೆಯುವವಳಿದ್ದೇನೆ ಅಕ್ಕ. ಎಲ್ಲಾ ಇದೆ ಎಂದು ಬರೆದರೆ ನಿಮಗೆ ಯಾಕೆ ಕೊಡುತ್ತಾರೆ? ಇವತ್ತು ಕೋಣೆ ಇಲ್ಲ ಅಂದರೆ ಇಲ್ಲ. ಕರೆಂಟು ಇಲ್ಲ ಅಂದರೆ ಇಲ್ಲ. ನೀವೇ ನಿಜ ಬರೆಯದಿದ್ದರೆ ಇನ್ಯಾರು ಬರೆಯುತ್ತಾರೆ? ಹೀಗೆ. ಕ್ಲಾಸಿನಲ್ಲಿ ನನ್ನ ದನಿ ಮೂರನೇ ಕೋಣೆಗೂ ಕೇಳಿಸುತ್ತದೆ, ಅವತ್ತೂ ಕೇಳಿಸಿರಬೇಕು. ಪಕ್ಕದಲ್ಲಿ ಮಗ್ಗಿ ಹೇಳುತ್ತಿದ್ದ ಮಕ್ಕಳು ನಿಲ್ಲಿಸಿಬಿಟ್ಟವು.

"ಎಲ್ಲರೂ ಪೆನ್ಸಿಲ್ಲಲ್ಲೇ ಕೊಡ್ತಾರೆ. ಅದಕ್ಕೊಂದು ಕಾರಣ ಇದೆ ಕಣೇ" ಎಂದರು ಅಕ್ಕ.

"ಕಾರಣ ಹೆದರಿಕೆ ಅಕ್ಕ, ಅಷ್ಟೇ."

ರಬ್ಬರ್ ತೆಗೆದುಕೊಂಡು ನಾನೇ ಉಜ್ಜಿದೆ. ನನ್ನ ಪೆನ್ನನ್ನೇ ಅವರ ಕೈಗೆ ಕೊಟ್ಟೆ. ಅವರು ಬರೆದರು. ಕೊಠಡಿ: ಇಲ್ಲ. ವಿದ್ಯುತ್: ಇಲ್ಲ. ಕಟ್ಟಡ: ಖಾಸಗಿ, ಬಾಡಿಗೆ. ಅವರ ಅಕ್ಷರ ಯಾವಾಗಲೂ ಚಂದ. ಬರೆದು ಮುಗಿಸಿ, "ನೀನು ಹೇಳ್ತಿದೀಯ ಅಂತ ಬರೆದೆ" ಎಂದರು.

ಪ್ಲ್ಯಾನ್ ಬರೆಯುವಾಗ ನನಗೆ ಏನು ಹುಮ್ಮಸ್ಸು ಅಂತೀರಿ! ಜ್ವರ ಬಂದವಳ ಹಾಗೆ ಬರೆದೆ. ಮೊದಲ ವರ್ಷ ಏನೂ ಇಲ್ಲದ ಶಾಲೆಗಳಿಗೆ ಕೋಣೆ, ಕರೆಂಟು, ಆಮೇಲೆ ಕಂಪ್ಯೂಟರ್. ಪ್ರತಿ ಶಾಲೆಯಿಂದ ಇಬ್ಬರು ಶಿಕ್ಷಕರಿಗೆ ತರಬೇತಿ. ಕನ್ನಡ ಬರುವ ಯಂತ್ರಗಳೇ ಬೇಕು ಎಂದು ಅಡಿಗೆರೆ ಎಳೆದು ಬರೆದೆ. ಓದಿದವರ ಕರುಳು ಚುರ್ ಎನ್ನಲಿ ಎಂದು ಅಕ್ಕನ ಶಾಲೆಯ ಬಗ್ಗೆಯೇ ಒಂದು ಇಡೀ ಪುಟ. "ಮೋಡ ಕವಿದ ದಿನಗಳಲ್ಲಿ ಮಕ್ಕಳು ಬಾಗಿಲ ಬೆಳಕಿಗೆ ಪುಸ್ತಕ ಹಿಡಿದು ಓದುತ್ತಾರೆ" ಎಂಬ ವಾಕ್ಯ ಬರೆದು, ಎರಡು ಮೂರು ಸಲ ಓದಿಕೊಂಡು, ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಜೊತೆಗೆ ಇನ್ನೊಂದು ಘನಕಾರ್ಯ ಮಾಡಿದೆ. ಇಡೀ ವಲಯದಲ್ಲಿ ಶಾಯಿಯಲ್ಲಿ ತುಂಬಿದ ಫಾರಂ ಅದೊಂದೇ ತಾನೇ? ಫಾರಂ ಹೀಗಿರಬೇಕು ಎಂದು ತೋರಿಸಲು, ಅದನ್ನೇ ಮಾದರಿಯಾಗಿ ಪ್ಲ್ಯಾನಿನ ಕೊನೆಗೆ ಲಗತ್ತಿಸಿದೆ. ಚಾಮರಾಜಪೇಟೆಯ ಒಂದು ಅಂಗಡಿಯಲ್ಲಿ ಟೈಪ್ ಮಾಡಿಸಿ, ಹಸಿರು ದಾರ ಹಾಕಿ ಕಟ್ಟಿಸಿ ಮೇಲಕ್ಕೆ ಕಳಿಸಿದೆವು. ಅಧಿಕಾರಿಗಳು ಮತ್ತೆ ಕಾಫಿ ಕುಡಿಸಿದರು.

ಅತ್ತ ತರಗುಪೇಟೆಯ ಓಣಿಯಲ್ಲಿ ಯಜಮಾನರು ಕಾಯಲಿಲ್ಲ. ಪ್ಲ್ಯಾನ್ ಹೋಯಿತಂತೆ ಎಂಬ ಸುದ್ದಿ ಕೇಳಿದ್ದೇ ತಡ, ಗೋಣಿಚೀಲಗಳನ್ನು ಎತ್ತಿಸಿದರು. ಎರಡು ಕೈ ಸುಣ್ಣ ಹೊಡೆಸಿದರು. ಅಂಗಡಿಯಿಂದ ವೈರು ಎಳೆಸಿ, ಒಂದು ಟ್ಯೂಬ್‌ಲೈಟ್ ಹಾಕಿಸಿಯೇಬಿಟ್ಟರು. ನಾನು ನೋಡಲು ಹೋದಾಗ ಮಕ್ಕಳು ಆ ಖಾಲಿ ಕೋಣೆಯ ಹೊರಗೆ ಸಾಲಾಗಿ ಚಪ್ಪಲಿ ಬಿಟ್ಟು ಒಳಗೆ ನಿಂತಿದ್ದರು. ಇನ್ನೂ ಏನೂ ಬಂದಿರಲಿಲ್ಲ, ಆದರೂ ಚಪ್ಪಲಿ ಬಿಟ್ಟಿದ್ದರು. ಅಕ್ಕ ಸಂಜೆ ಹೊತ್ತು ಮಂಡಿಗಳ ಮುಂದೆ ಕೂತು ಕಾಳು ಆರಿಸುವ ತಾಯಂದಿರ ಹತ್ತಿರ ಹೋಗಿ, "ನಮ್ಮಲ್ಲೂ ಕಂಪ್ಯೂಟರ್ ಬರುತ್ತೆ, ಟಿ.ಸಿ. ಕೇಳೋಕೆ ಬರಬೇಡಿ" ಎಂದು ಹೇಳಿಬಂದಿದ್ದರು. ಅವರು ಹಾಗೆ ಯಾರಿಗೂ ಮಾತು ಕೊಡುವವರಲ್ಲ. ನನ್ನನ್ನು ನಂಬಿ ಕೊಟ್ಟಿದ್ದರು.

ಆಮೇಲೆ ಎರಡನೇ ಲೆಟರ್ ಬಂತು.

ಅದರಲ್ಲಿ ಇದ್ದದ್ದು ಇಷ್ಟೇ. ಪ್ರತ್ಯೇಕ ಕೊಠಡಿಯೂ ವಿದ್ಯುತ್ ಸಂಪರ್ಕವೂ ಈಗಾಗಲೇ ಇರುವ ಶಾಲೆಗಳಿಗೆ ಮಾತ್ರ ಈ ಸಲ ಕಂಪ್ಯೂಟರ್. ಉಳಿದವನ್ನು ಮುಂದಿನ ಹಂತದಲ್ಲಿ ಪರಿಗಣಿಸಲಾಗುವುದು. ನನ್ನ ಹಸಿರು ದಾರದ ಪ್ಲ್ಯಾನನ್ನು ಯಾರಾದರೂ ಬಿಚ್ಚಿ ನೋಡಿದ್ದರೋ ಇಲ್ಲವೋ ಆಗ ನನಗೆ ಗೊತ್ತಾಗಲಿಲ್ಲ.

ಗುಮಾಸ್ತರು ಮೇಜಿನ ಖಾನೆಯಿಂದ ರಬ್ಬರ್ ತೆಗೆದರು. ಎಲ್ಲ ಶಾಲೆಗಳ ಫಾರಂಗಳನ್ನು ಮುಂದೆ ಇಟ್ಟುಕೊಂಡು ಒಂದೊಂದಾಗಿ ಉಜ್ಜುವುದು, ಊದುವುದು, ಪೆನ್ನಿನಲ್ಲಿ ಬರೆಯುವುದು. ಇದೆ, ಇದೆ, ಇದೆ. ಮಾವಳ್ಳಿಯ ಶೌಚಾಲಯದ ಓಣಿಗೂ ಇದೆ. ಮಧ್ಯಾಹ್ನದ ಹೊತ್ತಿಗೆ ನಮ್ಮ ವಲಯದಲ್ಲಿ ಕೊಠಡಿ, ಕರೆಂಟು ಇಲ್ಲದ ಶಾಲೆ ಒಂದೇ ಒಂದು ಉಳಿದಿತ್ತು.

"ಇದನ್ನ ಏನ್ಮಾಡ್ಲಿ ಮೇಡಂ?" ಎಂದು ಅಕ್ಕನ ಫಾರಂನ ಕಚೇರಿ ಪ್ರತಿಯನ್ನು ನನ್ನ ಮುಂದಿಟ್ಟರು. ಅವರ ದನಿಯಲ್ಲಿ ಕೊಂಕಿರಲಿಲ್ಲ. ಕೊಂಕು ಆಡಿದ್ದರೆ ಜಗಳವಾಡಿಯಾದರೂ ಹಗುರಾಗುತ್ತಿದ್ದೆ.

ಅಧಿಕಾರಿಗಳ ಹತ್ತಿರ ಓಡಿದೆ. "ಸಾರ್, ಆ ಶಾಲೇಲಿ ಈಗ ಕೋಣೆ ಇದೆ. ಕರೆಂಟು ಇದೆ. ನಾನೇ ಕಣ್ಣಾರೆ ನೋಡಿ ಬಂದಿದೀನಿ. ಹೊಸ ಫಾರಂ ಬರೆಸಿ ಕಳಿಸೋಣ ಸಾರ್."

"ಅಲ್ಲಾ ಮೇಡಂ, ಇಲ್ಲ ಅಂತ ಸಹಿ, ಸೀಲು ಹಾಕಿ ಕೊಟ್ಟಿರೋದು ಮೇಲಕ್ಕೆ ಹೋಗಿದೆ. ಅದೂ ಮಾದರಿ ಅಂತ ನೀವೇ ಹಚ್ಚಿದೀರ. ಈಗ ಇದೆ ಅಂತ ಇನ್ನೊಂದು ಹೋದ್ರೆ, ಯಾವುದು ಸುಳ್ಳು ಅಂತ ನನ್ನ ಕೇಳ್ತಾರೆ. ಉಳಿದ ಫಾರಂಗಳನ್ನೂ ತೆಗೆದು ನೋಡ್ತಾರೆ. ನನ್ನ ಕುತ್ತಿಗೆಗೆ ತರಬೇಡಿ."

"ಉಳಿದವೇ ಸುಳ್ಳಲ್ವಾ ಸಾರ್?"

"ಮುಂದಿನ ಹಂತದಲ್ಲಿ ಮಾಡೋಣ ಬಿಡಿ" ಎಂದು ಫೋನ್ ಎತ್ತಿಕೊಂಡರು.

ಕೂಗಾಡಿದೆ. ಸಿಟ್ಟಿಗೆ ಹೆಸರಾದವಳು ತಾನೇ, ಚೆನ್ನಾಗಿಯೇ ಕೂಗಾಡಿದೆ. ಆದರೆ ಉಳಿದ ಫಾರಂಗಳ ಕಥೆಯನ್ನು ಮೇಲಿನವರಿಗೆ ಬರೆಯಲಿಲ್ಲ. ಬರೆದರೆ ಇಡೀ ವಲಯಕ್ಕೆ ಬರುವ ಯಂತ್ರಗಳೇ ನಿಂತುಹೋಗುತ್ತಿದ್ದವು. ಅದೇ ಕಾರಣ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ, ಕೆಲಸಕ್ಕೆ ಏನಾದರೂ ಆದೀತು ಎಂಬ ಪುಕ್ಕಲೂ ಇತ್ತು. ಅಕ್ಕನ ಮುಂದೆ ಹೆದರಿಕೆಯ ಬಗ್ಗೆ ಭಾಷಣ ಬಿಗಿದಿದ್ದವಳು ನಾನೇ.

ಅಕ್ಕನಿಗೆ ಹೇಳಲು ಹೋದಾಗ ಅವರು ಆ ಹೊಸ ಕೋಣೆಯಲ್ಲಿ ಏಳನೇ ಕ್ಲಾಸು ನಡೆಸುತ್ತಿದ್ದರು. ಹೊರಗೆ ಬಂದರು. ಹೇಳಿದೆ. ಬೈಯುತ್ತಾರೆಂದು ಕಾದೆ. "ಹೂಂ" ಎಂದರು. "ಯಜಮಾನರಿಗೆ ನೀನೇ ಹೇಳ್ಬಿಡು, ನನಗೆ ಬಾಯಿ ಬರಲ್ಲ" ಎಂದು ಒಳಗೆ ಹೋದರು. ಯಜಮಾನರು ಕೇಳಿ, "ಹೋಗ್ಲಿ ಬಿಡಿ ಮೇಡಂ, ಮುಂದಿನ ಸಲ ಆಗುತ್ತೆ" ಎಂದು ನನಗೇ ಸಮಾಧಾನ ಹೇಳಿದರು. ಅವರ ಮುಂದೆ ನಿಲ್ಲಲು ನಾಚಿಕೆಯಾಯಿತು.

ಕಂಪ್ಯೂಟರುಗಳು ಬಂದವು. ಕೆಲವು ಶಾಲೆಗಳಲ್ಲಿ ಮಕ್ಕಳು ಮುಟ್ಟಿದರು, ಇಲ್ಲವೆನ್ನುವುದಿಲ್ಲ. ಮಾವಳ್ಳಿಯಲ್ಲಿ ಡಬ್ಬಗಳನ್ನು ಹೆಡ್‌ಮಾಸ್ಟರರ ಕೋಣೆಯಲ್ಲಿ ಒಂದರ ಮೇಲೊಂದು ಪೇರಿಸಿ, ಮೇಲೆ ಹಾಜರಿ ಪುಸ್ತಕ ಇಟ್ಟಿದ್ದರು. ವರ್ಷ ಕಳೆದರೂ ಅವನ್ನು ಬಿಚ್ಚಲಿಲ್ಲ. ಮುಂದಿನ ಹಂತ ಎಂಬುದು ಬರಲಿಲ್ಲ. ಅಕ್ಕನ ಶಾಲೆಯ ತಾಯಂದಿರು ದಸರಾ ತನಕ ಕಾದರು, ಸಂಕ್ರಾಂತಿ ತನಕ ಕಾದರು. ಜೂನ್‌ನಲ್ಲಿ ಒಬ್ಬೊಬ್ಬರಾಗಿ ಬಂದು ಟಿ.ಸಿ. ಕೇಳಿದರು. ಸಾಲ ಮಾಡಿಯಾದರೂ ಚಿತ್ರ ಬರೆಸಿದ ಬೋರ್ಡಿನ ಶಾಲೆಗೆ ಸೇರಿಸಿದರು. ಸೇರಿಸಲು ಕೈಲಾಗದವರ ಮಕ್ಕಳು ಮಾತ್ರ ಉಳಿದರು.

ಅದರ ಮರುವರ್ಷ, ನಾನು ವಾಪಸ್ ನನ್ನ ಹೈಸ್ಕೂಲಿನಲ್ಲಿ ಪಾಠ ಮಾಡುತ್ತಿದ್ದಾಗ, ಅಕ್ಕ ಮೊದಲ ಸಲ ನಾನಿದ್ದಲ್ಲಿಗೆ ನಡೆದುಕೊಂಡು ಬಂದರು. ಸ್ಟಾಫ್ ರೂಮಿನಲ್ಲಿ ಕೂತು ಬ್ಯಾಗಿನಿಂದ ಒಂದು ಕಾಗದ ತೆಗೆದು ನನ್ನ ಮುಂದಿಟ್ಟರು. ಅವರ ಶಾಲೆಯನ್ನು ಮುಚ್ಚಿ, ಮಾರ್ಕೆಟ್ ಆಚೆಗಿನ ಇನ್ನೊಂದು ಶಾಲೆಯಲ್ಲಿ ವಿಲೀನ ಮಾಡುವ ಆದೇಶ. ಕಾರಣಗಳನ್ನು ಸಾಲಾಗಿ ಕೊಟ್ಟಿದ್ದರು. ಮಕ್ಕಳ ಸಂಖ್ಯೆ ಕಡಿಮೆ. ಕಟ್ಟಡ ಖಾಸಗಿ. ಹೆಚ್ಚುವರಿ ಕೊಠಡಿ ಇಲ್ಲ, ವಿದ್ಯುತ್ ಇಲ್ಲ. ಅದರ ಕೆಳಗೆ, ಮೋಡ ಕವಿದ ದಿನಗಳಲ್ಲಿ ಮಕ್ಕಳು ಬಾಗಿಲ ಬೆಳಕಿಗೆ ಪುಸ್ತಕ ಹಿಡಿದು ಓದುತ್ತಾರೆ ಎಂದು ವಲಯದ ವರದಿಯೇ ತಿಳಿಸಿರುವುದರಿಂದ, ಸದರಿ ಶಾಲೆಯು ಕಲಿಕೆಗೆ ಯೋಗ್ಯವಾಗಿಲ್ಲ.

ಅಂದರೆ ಪ್ಲ್ಯಾನನ್ನು ಯಾರೋ ಬಿಚ್ಚಿ ಓದಿದ್ದರು. ಮಕ್ಕಳಿಗೆ ಏನಾದರೂ ಕೊಡುವಾಗ ಓದಿರಲಿಲ್ಲ, ಕಿತ್ತುಕೊಳ್ಳುವಾಗ ಹುಡುಕಿ ಓದಿದ್ದರು. ಥೂ, ನನ್ನ ಬರವಣಿಗೆಗೆ ಬೆಂಕಿ ಬೀಳಲಿ ಎಂದು ಬಾಯಿಬಿಟ್ಟೇ ಅಂದೆ. ಪಕ್ಕದ ಮೇಜಿನವರು ತಿರುಗಿ ನೋಡಿದರು.

"ನೀನು ಬರೆದಿದ್ದು ಅಂತ ಓದಿದ ತಕ್ಷಣ ಗೊತ್ತಾಯ್ತು" ಎಂದರು ಅಕ್ಕ. "ಬೇರೆ ಯಾರಿಗೂ ನಮ್ಮ ಮಕ್ಕಳ ಬಗ್ಗೆ ಇಷ್ಟು ಚೆನ್ನಾಗಿ ಬರೆಯೋಕೆ ಬರಲ್ಲ." ಅವರು ಚುಚ್ಚಿದರೋ ಮೆಚ್ಚಿದರೋ ನನಗೆ ತಿಳಿಯಲಿಲ್ಲ. ಅಳು ಬಂದುಬಿಟ್ಟಿತು. ಅವರು ಅಳುವವಳನ್ನು ಅಳಲು ಬಿಟ್ಟು, "ಶನಿವಾರ ಬಾ. ಟಿ.ಸಿ.ಗಳು ಬರೀಬೇಕು. ಇದ್ದ ಒಬ್ಬ ಟೀಚರ್‌ನ ಆಗಲೇ ಬೇರೆ ಕಡೆ ಹಾಕಿದಾರೆ, ನನ್ನೊಬ್ಬಳ ಕೈಲಿ ಆಗಲ್ಲ" ಎಂದರು.

ಶನಿವಾರ ಹೋದೆ. ಬೆಂಚುಗಳನ್ನು ಆಗಲೇ ಸಾಗಿಸಿದ್ದರು. ಒಂದು ಮೇಜು, ಎರಡು ಕುರ್ಚಿ ಉಳಿದಿದ್ದವು. ತಾಯಂದಿರು ಮಕ್ಕಳನ್ನು ಕರೆದುಕೊಂಡು ಬಂದು ನಿಲ್ಲುವುದು, ನಾನು ಹೆಸರು, ಹುಟ್ಟಿದ ದಿನ ನೋಡಿ ಬರೆಯುವುದು, ಅಕ್ಕ ಸಹಿ ಹಾಕುವುದು. ಶಾಲೆ ಬಿಡಲು ಕಾರಣ ಎಂಬ ಕಡೆ ಎಲ್ಲರಿಗೂ ಶಾಲೆ ವಿಲೀನ ಎಂದು ಬರೆದುಕೊಂಡು ಹೋದೆ. ಕೊನೆಗೆ ಕಾಳು ಆರಿಸುವ ಒಬ್ಬ ಹೆಂಗಸು ಬಂದಳು. ಜೊತೆಗೆ ಆರನೇ ಕ್ಲಾಸು ಮುಗಿಸಿದ ಮಗಳು.

"ಹೊಸ ಸ್ಕೂಲಿಗೆ ಸೋಮವಾರದಿಂದ ಹೋಗ್ಬೇಕು, ಗೊತ್ತಲ್ವಾ?" ಎಂದರು ಅಕ್ಕ.

"ಇಲ್ಲ ಮಿಸ್. ಮಾರ್ಕೆಟ್ ರೋಡು ದಾಟಿಸೋರು ಯಾರು? ನಾನು ಆರು ಗಂಟೆಗೇ ಮಂಡಿಗೆ ಹೋಗ್ತೀನಿ. ಈ ಸ್ಕೂಲಾದ್ರೆ ಕೂಗಿದ್ರೆ ಕೇಳಿಸ್ತಿತ್ತು, ಕಳಿಸ್ತಿದ್ದೆ. ಇನ್ಮೇಲೆ ನನ್ನ ಜೊತೆ ಬಂದು ಕಾಳು ಆರಿಸ್ತಾಳೆ ಬಿಡಿ."

ಅಕ್ಕ ಬೈದರು, ಬೇಡಿದರು. ಒಂದು ವರ್ಷ ಕಳಿಸು, ಏಳನೇದಾದರೂ ಮುಗಿಯಲಿ, ನಾನೇ ದಾಟಿಸುತ್ತೇನೆ ಎಂದರು. ಆ ಹೊಸ ಶಾಲೆಗೆ ಅವರನ್ನು ಹಾಕಿರಲಿಲ್ಲ, ದಾಟಿಸಲು ಆಗುತ್ತಿರಲಿಲ್ಲ, ಅದು ಅವರಿಗೂ ಗೊತ್ತಿತ್ತು. ಹೆಂಗಸು ತಲೆ ಬಗ್ಗಿಸಿಕೊಂಡು ನಿಂತೇ ಇದ್ದಳು. ಕೊನೆಗೆ ಅಕ್ಕ ಟಿ.ಸಿ. ಪುಸ್ತಕವನ್ನು ನನ್ನ ಕಡೆ ಸರಿಸಿದರು.

"ಬರಿ. ಕಾರಣ ಏನು ಅಂತ ನೀನೇ ಬರಿ."

ಏನು ಬರೆಯಬಹುದಿತ್ತೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಓದು ಬಿಡಿಸುತ್ತಿದ್ದಾರೆ ಎಂದು ಬರೆದರೆ, ನಿವೃತ್ತಿಗೆ ಒಂದೇ ವರ್ಷವಿದ್ದ ಅಕ್ಕನನ್ನೇ ವಿವರಣೆ ಕೇಳುತ್ತಾರೆ. ಶಾಲೆ ವಿಲೀನ ಎಂದು ಬರೆದರೆ, ಮಗು ಆ ಶಾಲೆಗೆ ಯಾಕೆ ಬರಲಿಲ್ಲ ಎಂದು ಮತ್ತೆ ಅವರನ್ನೇ ಕೇಳುತ್ತಾರೆ. ಯಾರೂ ಏನೂ ಕೇಳದ ಎರಡು ಪದಗಳನ್ನು ಬರೆದೆ. ಪೋಷಕರ ಇಚ್ಛೆ.

"ಏನು ಬರೆದ್ರಿ ಮಿಸ್?" ಎಂದಳು ತಾಯಿ. ಅವಳಿಗೆ ಓದು ಬರುತ್ತಿರಲಿಲ್ಲ.

ನಾನು ಬಾಯಿ ತೆರೆಯುವಷ್ಟರಲ್ಲಿ ಹುಡುಗಿ ಬಗ್ಗಿ ನೋಡಿ, ಒಂದಿಷ್ಟೂ ತಡವರಿಸದೆ, ಗಟ್ಟಿಯಾಗಿ ಓದಿದಳು. "ಪೋಷಕರ ಇಚ್ಛೆ. ಅಂದ್ರೆ ನೀನೇ ನನ್ನ ಸ್ಕೂಲ್ ಬೇಡ ಅಂದೆ ಅಂತ ಬರೆದಿದಾರೆ ಕಣಮ್ಮ."

"ಅಯ್ಯೋ, ನಾನೆಲ್ಲಿ ಹಂಗಂದೆ ಮಿಸ್?" ಎಂದು ಆ ಹೆಂಗಸು ನನ್ನ ಮುಖವನ್ನೇ ನೋಡಿದಳು.

ಅವಳ ಕೈ ಹಿಡಿದು ನಾನೇ ಹೆಬ್ಬೆಟ್ಟು ಒತ್ತಿಸಿಕೊಂಡೆ.